ಶಾಲಾ ವರ್ಷದ ಕೊನೆಯ ದಿನಗಳಿಗೆ: ಚಿಕ್ಕ ಮಕ್ಕಳ ಬರವಣಿಗೆ ಮತ್ತು ಕೈಕೆಲಸ

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಸಂಕಲನಾತ್ಮಕ ಮೌಲ್ಯಮಾಪನ (ವರ್ಷದ ಕೊನೆಯ ಪರೀಕ್ಷೆ) ಮುಗಿದ ಮೇಲೆ, ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಫಲಿತಾಂಶ ತಿಳಿಸಿ ಬೇಸಿಗೆ ರಜೆ ಕೊಡುವವರೆಗೆ, ಕೆಲವು ದಿನಗಳ ಬಿಡುವು ಸಿಗುತ್ತದೆ. ಪಾಠಗಳು ಮುಗಿದಿರುತ್ತವೆ, ಶಿಕ್ಷಕರು ಉತ್ತರ ಪತ್ರಿಕೆಗಳಲ್ಲಿ ಮುಳುಗಿರುತ್ತಾರೆ, ಮಕ್ಕಳು ಮಾತ್ರ ಕೆಲಸವಿಲ್ಲದೆ ತರಗತಿಯಲ್ಲಿ ಕುಳಿತಿರುತ್ತಾರೆ. ಬೆಂಗಳೂರಿನ ಕೇಂದ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ ಈ ಬಿಡುವು ಮಾರ್ಚ್ ತಿಂಗಳಲ್ಲೇ ಬಂದು ಹೋಗುವುದುಂಟು. ಎಲ್‌ಕೆಜಿಯಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಂದ ಈ ದಿನಗಳಲ್ಲಿ ಏನು ಬರೆಸಬಹುದು, ಏನು ಮಾಡಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರಿಗೂ ಮನೆಯಲ್ಲಿ ಒಂದಿಬ್ಬರನ್ನು ಕೂರಿಸಿಕೊಳ್ಳುವ ಅಪ್ಪ ಅಮ್ಮಂದಿರಿಗೂ ಇದು ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಹೊಂದುತ್ತದೆ.

ಒಂದು ನಿಯಮವನ್ನು ಮಾತ್ರ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಮಗುವಿನ ಮಾತು ಮೊದಲು ಬರಬೇಕು, ಆ ಮಾತಿನ ಬರಹ ಎರಡನೆಯದಾಗಿ ಬರಬೇಕು, ಕತ್ತರಿ ಮತ್ತು ಅಂಟು ಕೊನೆಗೆ ಬರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗಾಗಿರುತ್ತದೆ. ಹೊಳೆಯುವ ಕಾಗದ, ಅಂಟಿಸುವ ಹೂವು, ಥರ್ಮೋಕೋಲ್ ಎಲ್ಲವನ್ನೂ ಅಂಗಡಿಯಿಂದ ತಂದು, ರಾತ್ರಿ ಅಮ್ಮನೇ ಕುಳಿತು ಮುಗಿಸಿ, ಬೆಳಿಗ್ಗೆ ಮಗುವಿನ ಕೈಗೆ ಕೊಟ್ಟು ಕಳುಹಿಸುವ ವಸ್ತುವಿಗೆ ಮಗುವಿನ ಪ್ರಾಜೆಕ್ಟ್ ಎಂದು ಹೆಸರು. ಅದರಲ್ಲಿ ಮಗುವಿನ ಒಂದು ವಾಕ್ಯವೂ ಇರುವುದಿಲ್ಲ. ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಅಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೆ ಒಳಪಟ್ಟಿರುವ, ಒಮ್ಮೆ ಬಳಸಿ ಎಸೆಯುವ ವಸ್ತುಗಳ ಪಟ್ಟಿಯಲ್ಲೇ ಇದೆ; ಹಾಗಾಗಿ ಅದನ್ನು ಕೈಬಿಡಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮೊದಲು ಮಾತನಾಡಿಸುವುದು

‘ಈ ವರ್ಷ ನೀನು ಏನು ಕಲಿತೆ?’ ಎಂದು ಆರು ವರ್ಷದ ಮಗುವನ್ನು ಕೇಳಿದರೆ, ಮಗು ‘ಎಬಿಸಿಡಿ, ಮಗ್ಗಿ’ ಎಂದು ಹೇಳಿ ಸುಮ್ಮನಾಗುತ್ತದೆ. ಪ್ರಶ್ನೆ ಅಷ್ಟು ದೊಡ್ಡದಾಗಿದ್ದರೆ ಉತ್ತರ ಅಷ್ಟೇ ಚಿಕ್ಕದಾಗುವುದು ಸಹಜ. ಇದರ ಬದಲು ವರ್ಷವನ್ನು ತಿಂಗಳುಗಳಾಗಿ ಬಿಡಿಸಿಕೊಂಡು, ಜೂನ್‌ನಲ್ಲಿ ಶಾಲೆ ತೆರೆದ ದಿನದ ಮಳೆಯಿಂದ ಆರಂಭಿಸಿ ಒಂದೊಂದೇ ನೆನಪನ್ನು ಕೆದಕಬೇಕು. ಆಗಸ್ಟ್‌ನಲ್ಲಿ ಧ್ವಜಾರೋಹಣದ ದಿನ ಕೊಟ್ಟ ಸಿಹಿ ಯಾವುದು, ಗಣೇಶನನ್ನು ಯಾವ ಕೆರೆಯ ಕಲ್ಯಾಣಿಯಲ್ಲಿ ಬಿಟ್ಟರು, ದಸರಾ ರಜೆಯಲ್ಲಿ ಯಾರ ಊರಿಗೆ ಹೋಗಿದ್ದರು, ರಾಜ್ಯೋತ್ಸವಕ್ಕೆ ಯಾವ ಹಾಡಿಗೆ ಕುಣಿದರು, ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ಯಾರು, ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಯಾರ ಮನೆಗೆ ಹೋದರು ಎಂದು ಕೇಳಿದರೆ, ನಾಲ್ಕು ಮಕ್ಕಳು ಒಟ್ಟಿಗೆ ಮಾತನಾಡತೊಡಗುತ್ತಾರೆ. ಆಗ ಶಿಕ್ಷಕರು ಮಾಡಬೇಕಾದ ಕೆಲಸ ಒಂದೇ: ಕರಿಹಲಗೆಯ ಮೇಲೆ ತಿಂಗಳ ಹೆಸರು ಬರೆದು, ಅದರ ಕೆಳಗೆ ಮಕ್ಕಳು ಹೇಳಿದ ಪದಗಳನ್ನು ಅವರು ಹೇಳಿದಂತೆಯೇ ಬರೆಯುವುದು. ಈ ಪದಗಳೇ ಮುಂದಿನ ಎಲ್ಲ ಚಟುವಟಿಕೆಗಳ ಬಂಡವಾಳ.

ತಿಂಗಳನ್ನು ಗುರುತಿಸಲು ಬೆಂಗಳೂರಿನ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್, ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳುವಂತೆ ನಗರದ ಬೀದಿಗಳಿಗೆ ಮರಗಳನ್ನು ಆಯ್ದರು. ಹೀಗಾಗಿ ಶಾಲೆಗೆ ಹೋಗುವ ದಾರಿಯಲ್ಲಿ ಗುಲಾಬಿ ಬಣ್ಣದ ಹೂವು ಉದುರಿದ್ದು, ಆಮೇಲೆ ಜಕರಂಡದ ನೇರಳೆ ಹೂವು ಬಿದ್ದದ್ದು, ಈಗ ಕತ್ತಿಕಾಯಿ ಮರ (ಗುಲ್‌ಮೊಹರ್) ಕೆಂಪಾಗುತ್ತಿರುವುದು ಮಕ್ಕಳಿಗೆ ನೆನಪಿರುತ್ತದೆ. ತಿಂಗಳ ಹೆಸರು ಬಾರದ ಎಲ್‌ಕೆಜಿ ಮಗುವಿಗೆ ಕ್ಯಾಲೆಂಡರಿಗಿಂತ ಇದೇ ಸುಲಭ.

ನೆನಪಿನ ಜೊತೆಗೆ ಪುರಾವೆಯೂ ಇರಲಿ. ಜೂನ್ ತಿಂಗಳ ಕಾಪಿ ಪುಸ್ತಕದ ಮೊದಲ ಪುಟವನ್ನೂ ಮಾರ್ಚ್‌ನ ಕೊನೆಯ ಪುಟವನ್ನೂ ಪಕ್ಕಪಕ್ಕದಲ್ಲಿ ತೆರೆದು ಮಗುವಿನ ಮುಂದಿಟ್ಟು ಸುಮ್ಮನಿದ್ದರೆ ಸಾಕು. ಗೆರೆ ಬಿಟ್ಟು ಓಡುತ್ತಿದ್ದ ‘ಕ’ ಈಗ ಗೆರೆಯ ಮೇಲೆ ಕುಳಿತಿರುವುದನ್ನು ಮಗು ತಾನೇ ಕಂಡು ಹೇಳುತ್ತದೆ.

ಬಿಟ್ಟ ಜಾಗವಿರುವ ವಾಕ್ಯಗಳು

ಖಾಲಿ ಹಾಳೆ ಕೊಟ್ಟು ‘ಬರೆ’ ಎಂದರೆ ಒಂದನೆಯ ತರಗತಿಯ ಮಗು ಹೆದರುತ್ತದೆ. ಅರ್ಧ ವಾಕ್ಯ ಕೊಟ್ಟು ತುಂಬಿಸುವುದು ಸುಲಭದ ಉಪಾಯ. ಆದರೆ ಕನ್ನಡದಲ್ಲಿ ಇಂತಹ ವಾಕ್ಯಗಳನ್ನು ರಚಿಸುವಾಗ ಎಚ್ಚರಿಕೆ ಬೇಕು. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುವುದರಿಂದ ಬಿಟ್ಟ ಜಾಗವನ್ನು ವಾಕ್ಯದ ತುದಿಯಲ್ಲಿ ಇಡಲಾಗುವುದಿಲ್ಲ, ನಡುವೆ ಇಡಬೇಕು. ಆ ಜಾಗದ ನಂತರ ವಿಭಕ್ತಿ ಪ್ರತ್ಯಯವೂ ಬರಬಾರದು. ‘ನಾನು ____ನ್ನು ನೋಡಿದೆ’ ಎಂದು ಕೊಟ್ಟರೆ ಆನೆ ‘ಆನೆಯನ್ನು’ ಆಗಬೇಕು, ಮರ ‘ಮರವನ್ನು’ ಆಗಬೇಕು, ಹಾವು ‘ಹಾವನ್ನು’ ಆಗಬೇಕು. ಆರು ವರ್ಷದ ಮಗು ಮಾತಿನಲ್ಲಿ ಇವನ್ನು ಸಲೀಸಾಗಿ ಹೇಳಿದರೂ ಬಿಟ್ಟ ಜಾಗದಲ್ಲಿ ತಡವರಿಸುತ್ತದೆ. ಆದ್ದರಿಂದ ಪದವನ್ನು ಇದ್ದ ರೂಪದಲ್ಲೇ ಇಡಬಹುದಾದ ವಾಕ್ಯಗಳನ್ನು ಆರಿಸಬೇಕು. ‘ನನಗೆ ಈಗ ____ ಬರುತ್ತದೆ’, ‘ನನಗೆ ____ ತುಂಬಾ ಇಷ್ಟ’, ‘ನನಗೆ ____ ಕಂಡರೆ ಹೆದರಿಕೆ’, ‘ಊಟದ ಡಬ್ಬಿಯಲ್ಲಿ ____ ಇದ್ದರೆ ಖುಷಿ’, ‘ನನ್ನ ಪಕ್ಕ ____ ಕೂರುತ್ತಾಳೆ’ ಇಂಥವು ಚೆನ್ನಾಗಿ ನಡೆಯುತ್ತವೆ. ಕೊನೆಯದಕ್ಕೆ ‘ಕೂರುತ್ತಾನೆ’ ಎಂದಿರುವ ಇನ್ನೊಂದು ವಾಕ್ಯವನ್ನೂ ಸಿದ್ಧವಾಗಿಟ್ಟುಕೊಳ್ಳಬೇಕಾಗುತ್ತದೆ.

ಬೆಂಗಳೂರಿನ ಒಂದೇ ಬೆಂಚಿನಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಅಜ್ಜಿಯನ್ನು ‘ಪಾಟಿ’ ಎಂದೋ ‘ನಾನಿ’ ಎಂದೋ ಕರೆಯುವ ಮಗು ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಆ ಪದವನ್ನು ಹೊಡೆದುಹಾಕಿ ‘ಅಜ್ಜಿ’ ಎಂದು ತಿದ್ದುವುದರಿಂದ ಮಗುವಿನ ಕನ್ನಡ ಉದ್ಧಾರವಾಗುವುದಿಲ್ಲ.

ಕಾಗುಣಿತದ ಪ್ರಶ್ನೆ ಬಂದೇ ಬರುತ್ತದೆ. ಒತ್ತಕ್ಷರ ಬಿಟ್ಟುಹೋಗಿ ‘ಅಮ್ಮ’ನು ‘ಅಮ’ ಆಗುವುದು, ದೀರ್ಘ ಬಿದ್ದುಹೋಗುವುದು, ‘ಳ’ ಇರಬೇಕಾದಲ್ಲಿ ‘ಲ’ ಬರುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಮೊದಲ ಕರಡಿನಲ್ಲಿ ಕೆಂಪು ಶಾಯಿ ಬೇಡವೇ ಬೇಡ. ಮಗು ‘ಮಿಸ್, ಇದು ಹೇಗೆ ಬರೆಯೋದು?’ ಎಂದು ಕೇಳಿದ ಪದವನ್ನು ಮಾತ್ರ ಚಿಕ್ಕ ಚೀಟಿಯಲ್ಲಿ ಬರೆದುಕೊಡಬೇಕು. ಅದನ್ನು ನೋಡಿಕೊಂಡು ಮಗು ಬರೆಯಲಿ. ಹೆಸರು ಮತ್ತು ವಿಳಾಸಗಳಲ್ಲಿ ಮಾತ್ರ ತಪ್ಪು ಉಳಿಯಬಾರದು. ಇನ್ನೂ ಬರೆಯಲು ಬಾರದ ಮಗು ಹೇಳುತ್ತಾ ಹೋಗಲಿ, ದೊಡ್ಡವರು ಬರೆದುಕೊಳ್ಳಲಿ. ಹಾಗೆ ಬರೆಯುವಾಗ ಮಗುವಿನ ಮಾತನ್ನು ಗ್ರಾಂಥಿಕಗೊಳಿಸದೆ ‘ಅಜ್ಜಿ ಕಡ್ಲೇಕಾಯಿ ಕೊಡಿಸಿದ್ರು’ ಎಂದಿದ್ದರೆ ಹಾಗೆಯೇ ಬರೆದು, ಬೆರಳಿಟ್ಟು ಓದಿ ತೋರಿಸಬೇಕು. ತಾನು ಆಡಿದ ಮಾತೇ ಹಾಳೆಯ ಮೇಲಿದೆ ಎಂಬುದು ಮಗುವಿಗೆ ತಿಳಿಯುವುದು ಆಗಲೇ.

ಒಂದೇ ಹಾಳೆಯ ಎಂಟು ಪುಟದ ಪುಸ್ತಕ

ಈ ಎಲ್ಲ ಕೆಲಸಗಳಲ್ಲಿ ಒಂದನ್ನೇ ಮಾಡಿಸಲು ಸಮಯವಿದ್ದರೆ ಇದನ್ನು ಮಾಡಿಸುವುದು ಉತ್ತಮ. ಒಂದು ಎ4 ಹಾಳೆ ಮತ್ತು ಒಂದು ಕತ್ತರಿ ಸಾಕು. ಅಂಟು, ದಾರ, ಪಿನ್ನು ಯಾವುದೂ ಬೇಡ. ಒಂದು ಬದಿ ಅಚ್ಚಾದ ಹಾಳೆಯಾದರೂ ನಡೆಯುತ್ತದೆ, ಏಕೆಂದರೆ ಅಚ್ಚಾದ ಬದಿ ಒಳಗೆ ಮುಚ್ಚಿಹೋಗುತ್ತದೆ.

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು, ಉದ್ದದ ಎರಡು ಅಂಚುಗಳು ಸೇರುವಂತೆ ಮಡಿಸಿ, ಉಗುರಿನಿಂದ ಒತ್ತಿ, ಬಿಡಿಸಬೇಕು. ಈಗ ಗಿಡ್ಡ ಅಂಚುಗಳೆರಡು ಸೇರುವಂತೆ ಮಡಿಸಿ, ಅದನ್ನು ಬಿಡಿಸದೆ ಅದೇ ದಿಕ್ಕಿನಲ್ಲಿ ಇನ್ನೊಮ್ಮೆ ಅರ್ಧಕ್ಕೆ ಮಡಿಸಿ, ಪೂರ್ತಿ ಬಿಡಿಸಿದರೆ ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು ಎಂಟು ಮನೆಗಳು ಕಾಣುತ್ತವೆ. ಮತ್ತೆ ಗಿಡ್ಡ ಅಂಚುಗಳನ್ನು ಸೇರಿಸಿ ಒಮ್ಮೆ ಮಾತ್ರ ಮಡಿಸಿ, ಮಡಿಕೆಯ ಕಡೆಯಿಂದ ಒಳಕ್ಕೆ, ನಡುಗೆರೆಯ ಮೇಲೆ, ಮೊದಲ ಅಡ್ಡಗೆರೆ ಸಿಗುವವರೆಗೆ ಕತ್ತರಿಸಬೇಕು. ತೆರೆದ ಅಂಚಿನ ಕಡೆಯಿಂದ ಕತ್ತರಿಸಿದರೆ ಹಾಳೆ ಕೆಟ್ಟಿತು. ಆದ್ದರಿಂದ ಕತ್ತರಿಸುವ ಮುನ್ನ ‘ಮಡಿಕೆ ತೋರಿಸಿ’ ಎಂದು ಎಲ್ಲರಿಂದಲೂ ಕೈ ಎತ್ತಿಸಿ ನೋಡಿಕೊಳ್ಳುವುದು ಕ್ಷೇಮ. ಹಾಳೆಯನ್ನು ಬಿಡಿಸಿದರೆ ನಡುವಿನಲ್ಲಿ ಎರಡು ಮನೆಯಷ್ಟು ಉದ್ದದ ಸೀಳು ಇರುತ್ತದೆ. ಅಚ್ಚಾದ ಬದಿ ಒಳಗೆ ಹೋಗುವಂತೆ ಹಾಳೆಯನ್ನು ಮತ್ತೆ ಉದ್ದುದ್ದಕ್ಕೆ ಮಡಿಸಿ, ಎರಡೂ ತುದಿಗಳನ್ನು ಹಿಡಿದು ಒಳಮುಖವಾಗಿ ತಳ್ಳಿದಾಗ ಸೀಳು ಬಾಯಿಬಿಟ್ಟು, ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆಯಂತೆ ನಿಲ್ಲುತ್ತದೆ. ನಾಲ್ಕು ರೆಕ್ಕೆಗಳನ್ನು ಒಂದೇ ಕಡೆಗೆ ಸುತ್ತಿ ಒತ್ತಿದರೆ ಅಂಗೈ ಅಗಲದ, ಸುಮಾರು 7 ಸೆಂ.ಮೀ. ಅಗಲ ಮತ್ತು 10 ಸೆಂ.ಮೀ. ಎತ್ತರದ ಪುಸ್ತಕ ಸಿದ್ಧ.

ಮಡಿಸಿದ ನಂತರವೇ ಬರೆಯಿಸಬೇಕು. ಬಿಡಿಸಿದ ಹಾಳೆಯಲ್ಲಿ ಮೇಲಿನ ಸಾಲಿನ ಪುಟಗಳು ತಲೆಕೆಳಗಾಗಿರುತ್ತವೆ; ಮೊದಲೇ ಬರೆಸಿದರೆ ಅರ್ಧ ಪುಸ್ತಕ ಉಲ್ಟಾ ಆಗುತ್ತದೆ. ಎರಡನೆಯ ತರಗತಿಯಿಂದ ಮೇಲಿನವರು ಮಡಿಕೆಯನ್ನು ತಾವೇ ಕಲಿಯುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ದೊಡ್ಡವರು ಮಡಿಸಿ, ಕತ್ತರಿಸಿ ಕೊಟ್ಟು, ಸುತ್ತಿ ಒತ್ತುವ ಕೊನೆಯ ಹಂತವನ್ನು ಅವರಿಗೆ ಬಿಡಬಹುದು.

ಮೊದಲ ಪುಟ ಹೊದಿಕೆ. ಅಲ್ಲಿ ಪುಸ್ತಕದ ಹೆಸರು ಮತ್ತು ಬರೆದವರ ಹೆಸರು. ಒಳಗಿನ ಆರು ಪುಟಗಳಿಗೆ ಕರಿಹಲಗೆಯ ಮೇಲಿನ ಪದಗಳಿಂದ ಮಗು ತನಗೆ ಬೇಕಾದ ಆರನ್ನು ಆರಿಸಿಕೊಂಡು, ಪ್ರತಿ ಪುಟಕ್ಕೆ ಒಂದು ಚಿತ್ರ ಮತ್ತು ಒಂದು ವಾಕ್ಯ ಬರೆಯಲಿ. ಕೊನೆಯ ಪುಟದಲ್ಲಿ ತರಗತಿ, ವರ್ಷ ಮತ್ತು ಊರು. ಎಲ್ಲರೂ ಒಂದೇ ಆರು ವಿಷಯಗಳನ್ನು ಬರೆಯಬೇಕೆಂದು ಹಟ ಹಿಡಿಯುವುದು ಬೇಡ. ವರ್ಷವಿಡೀ ಶಾಲೆಯ ನಾಯಿಯ ಬಗ್ಗೆಯೇ ಯೋಚಿಸಿದ ಹುಡುಗ ಆರು ಪುಟವೂ ನಾಯಿಯ ಬಗ್ಗೆಯೇ ಬರೆದರೆ ಅದು ಒಳ್ಳೆಯ ಪುಸ್ತಕವೇ.

ಬೀದಿಯಲ್ಲೇ ಸಿಗುವ ಸಾಮಗ್ರಿ

ದೊಡ್ಡ ಪ್ರಮಾಣದಲ್ಲಿ ಕಾಗದ, ಚಾರ್ಟು ಬೇಕಿದ್ದರೆ ಅವೆನ್ಯೂ ರಸ್ತೆ ಮತ್ತು ಸುಲ್ತಾನ್‌ಪೇಟೆಯ ಅಂಗಡಿಗಳಿಗೆ ಹೋಗುವುದು ಲಾಭ. ಆದರೆ ಒಂದು ತರಗತಿಯ ಅಗತ್ಯಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಬಡಾವಣೆಯ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೇಳಿದರೆ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳು ಸಿಗುತ್ತವೆ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಹೊದಿಕೆಗೆ ಬಹಳ ಚೆನ್ನ. ಮುಗಿದ ವರ್ಷದ ಕ್ಯಾಲೆಂಡರಿನ ಹಿಂಬದಿಯಂತೂ ಪುಕ್ಕಟೆ ಡ್ರಾಯಿಂಗ್ ಹಾಳೆ.

ಪುಟ ಅಲಂಕರಿಸಲು ಉದುರಿದ ಎಲೆ, ಹೂಗಳನ್ನು ಬಳಸಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಜಕರಂಡದ ಹೂವು, ಹೊಂಗೆಯ ಎಲೆ, ಬೇವಿನ ಕಡ್ಡಿ ಸುಲಭವಾಗಿ ಸಿಗುತ್ತವೆ. ಗಿಡದಿಂದ ಕೀಳದೆ ನೆಲದ ಮೇಲಿನದ್ದನ್ನೇ ಆರಿಸಬೇಕು. ಇವನ್ನು ದಿನಪತ್ರಿಕೆಯ ಹಾಳೆಗಳ ನಡುವೆ ಒಂದಕ್ಕೊಂದು ತಾಗದಂತೆ ಜೋಡಿಸಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ, ಎರಡು ದಿನಕ್ಕೊಮ್ಮೆ ಪತ್ರಿಕೆ ಬದಲಿಸುತ್ತಾ ಬಂದರೆ ವಾರದೊಳಗೆ ಒಣಗುತ್ತವೆ. ಪತ್ರಿಕೆ ಬದಲಿಸದಿದ್ದರೆ ಹೂವು ಕಪ್ಪಾಗಿ ಬೂಷ್ಟು ಹಿಡಿಯಬಹುದು. ವಾರ ಕಾಯುವ ತಾಳ್ಮೆ ಇಲ್ಲದವರಿಗೆ ಎಲೆಯ ಅಚ್ಚು ಇದೆ: ನರಗಳು ಉಬ್ಬಿರುವ ಹಿಂಬದಿ ಮೇಲೆ ಬರುವಂತೆ ಎಲೆಯನ್ನಿಟ್ಟು, ಅದರ ಮೇಲೆ ತೆಳು ಹಾಳೆ ಹಾಸಿ, ಕಾಗದ ಸುಲಿದ ಕ್ರೇಯಾನನ್ನು ಮಲಗಿಸಿ ಉಜ್ಜಿದರೆ ಎಲೆ ಹಾಳೆಯ ಮೇಲೆ ಮೂಡುತ್ತದೆ.

ಮಕ್ಕಳು ಏನನ್ನು ಆರಿಸಿ ತರುತ್ತಾರೆ ಎಂಬುದರ ಮೇಲೆ ಕಣ್ಣಿರಬೇಕು. ಕಾಂಪೌಂಡುಗಳ ಬದಿಯಲ್ಲಿ ಬೆಳೆಸುವ ಕಣಗಿಲೆ, ಹಳದಿ ಕಣಗಿಲೆಗಳ ಎಲೆ, ಹೂವು, ಬೀಜ ಎಲ್ಲವೂ ವಿಷ. ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂನ ಚಿಕ್ಕ ಬಿಳಿ ಹೂಗಳು ಚಂದ ಕಂಡರೂ ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆತ, ಸೀನು ಬರುತ್ತದೆ. ಹೊಂಗೆಯ ಬೀಜವೂ ಬಾಯಿಗೆ ಹೋಗಬಾರದು.

ಅಂಟನ್ನು ಮನೆಯಲ್ಲೇ ಮಾಡಬಹುದು. ಒಂದು ಪಾಲು ಮೈದಾಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ನಾಲ್ಕೈದು ಪಾಲು ನೀರು ಸೇರಿಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಬಿಳಿ ಬಣ್ಣ ಮಾಸಿ ಗಂಜಿಯಂತೆ ಗಟ್ಟಿಯಾಗುತ್ತದೆ, ಆಗ ಇಳಿಸಬೇಕು. ಪುಸ್ತಕ ಬೈಂಡ್ ಮಾಡುವವರು ಹುಳ ಬಾರದಿರಲೆಂದು ಇದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷವಾದ್ದರಿಂದ ಮಕ್ಕಳ ಅಂಟಿಗೆ ಖಂಡಿತ ಬೇಡ. ಬೇಸಿಗೆಯಲ್ಲಿ ಈ ಅಂಟು ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ; ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳಬೇಕು.

ಮುಂದಿನ ವರ್ಷ ಈ ಬೆಂಚಿಗೆ ಬರುವವರಿಗೆ

ಎರಡು ಮತ್ತು ಮೂರನೆಯ ತರಗತಿಯ ಮಕ್ಕಳು ಪುಟ್ಟ ಪತ್ರ ಬರೆಯಬಲ್ಲರು. ಯಾರಿಗೆ ಎಂಬುದು ಖಚಿತವಾಗಿದ್ದರೆ ಬರಹ ತಾನಾಗಿ ಬರುತ್ತದೆ. ಮುಂದಿನ ಜೂನ್‌ನಲ್ಲಿ ಇದೇ ಬೆಂಚಿನಲ್ಲಿ ಕೂರಲಿರುವ ಗುರುತಿಲ್ಲದ ಮಗುವಿಗೆ ಈ ಕೋಣೆಯ ವಿಷಯವನ್ನು ತಿಳಿಸುವುದು ಈ ಪತ್ರದ ಕೆಲಸ. ಯಾವ ಕಿಟಕಿಯ ಬಳಿ ಗಾಳಿ ಬರುತ್ತದೆ, ಯಾವ ನಲ್ಲಿಯಲ್ಲಿ ನೀರು ನಿಧಾನ, ಯಾವ ಮಗ್ಗಿ ಕಷ್ಟ, ಮಿಸ್‌ಗೆ ಯಾವಾಗ ಕೋಪ ಬರುತ್ತದೆ ಇಂಥ ಮಾಹಿತಿ ಹೊಸಬರಿಗೆ ನಿಜಕ್ಕೂ ಉಪಯೋಗದ್ದು, ಬರೆಯುವವರಿಗೂ ಹೆಮ್ಮೆಯದು. ‘ಪ್ರಿಯ ತಮ್ಮ ಅಥವಾ ತಂಗಿಗೆ’ ಎಂದು ಆರಂಭಿಸಿ, ನಾಲ್ಕು ವಾಕ್ಯ ಬರೆದು, ‘ಇಂತಿ ನಿನ್ನ ಅಣ್ಣ’ ಅಥವಾ ‘ಇಂತಿ ನಿನ್ನ ಅಕ್ಕ’ ಎಂದು ಸಹಿ ಹಾಕಿಸಬಹುದು. ಪತ್ರಗಳನ್ನು ಒಂದು ದೊಡ್ಡ ಲಕೋಟೆಗೆ ಹಾಕಿ ಬೀರುವಿನಲ್ಲಿಡುವ ಹೊಣೆ ಶಿಕ್ಷಕರದು.

ಧನ್ಯವಾದದ ಕಾರ್ಡುಗಳನ್ನು ಶಿಕ್ಷಕರಿಗೆ ಮಾತ್ರ ಮೀಸಲಿಡಬಾರದು. ಆಯಾ, ಬಿಸಿಯೂಟ ಬಡಿಸುವವರು, ಶಾಲಾ ವಾಹನದ ಚಾಲಕರು, ಗೇಟಿನ ಬಳಿ ರಸ್ತೆ ದಾಟಿಸುವವರು ಎಲ್ಲರಿಗೂ ಒಂದೊಂದು ಸಿಗಲಿ. ಕಾರ್ಡಿನಲ್ಲಿ ಬರಿಯ ‘ಧನ್ಯವಾದ’ ಎಂದಿದ್ದರೆ ಸಾಲದು. ‘ನಾನು ಬಿದ್ದಾಗ ನೀವು ಕಾಲು ತೊಳೆದಿರಿ’ ಎಂಬಂತೆ ನಡೆದ ಒಂದು ಸಂಗತಿ ಇರಬೇಕು. ಅದು ಸಿಗುವವರೆಗೆ ಮಗುವಿನೊಡನೆ ಮಾತನಾಡಬೇಕು.

ಯುಗಾದಿ ಈ ದಿನಗಳ ಆಸುಪಾಸಿನಲ್ಲೇ ಬರುವುದರಿಂದ ಮಾವಿನ ಎಲೆಯ ಆಕಾರದ ಕಾಗದದ ತೋರಣವೂ ಹೊಂದುತ್ತದೆ. ಪ್ರತಿ ಎಲೆಯ ಮೇಲೆ ಒಂದು ಮಗು ತನ್ನ ಪಕ್ಕದ ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯುತ್ತದೆ. ಹೆಸರುಗಳ ಚೀಟಿ ಎತ್ತಿಸಿದರೆ ಯಾರೂ ಬಿಟ್ಟುಹೋಗುವುದಿಲ್ಲ. ಇಷ್ಟ ಬಂದವರ ಬಗ್ಗೆ ಬರೆಯಲು ಬಿಟ್ಟರೆ ಕೆಲವರಿಗೆ ಐದಾರು ಎಲೆ, ಕೆಲವರಿಗೆ ಒಂದೂ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ತರಗತಿಗಳಲ್ಲಿ ಮಕ್ಕಳ ಕೆಲಸವನ್ನು ತೂಗುಹಾಕಲು ಕಲಿಕಾ ಚಪ್ಪರದ ದಾರಗಳು ಮೊದಲೇ ಇರುತ್ತವೆ. ಬೇರೆಡೆ ಎರಡು ಮೊಳೆಗಳ ನಡುವೆ ಗೋಣಿದಾರ ಕಟ್ಟಿದರಾಯಿತು. ವರಾಂಡದಲ್ಲಿ ಮಾತ್ರ ಕಟ್ಟಬಾರದು. ಏಪ್ರಿಲ್‌ನ ಸಂಜೆ ಮಳೆ ಒಮ್ಮೆ ಬೀಸಿ ಹೊಡೆದರೆ ಸ್ಕೆಚ್ ಪೆನ್ನಿನ ಅಕ್ಷರಗಳೆಲ್ಲ ಹರಿದುಹೋಗುತ್ತವೆ.

ಉಳಿದ ಹಾಳೆಗಳಿಂದ ರಜೆ ಪುಸ್ತಕ

ವರ್ಷ ಮುಗಿದಾಗ ಪ್ರತಿ ನೋಟ್‌ಬುಕ್ಕಿನಲ್ಲೂ ಹತ್ತಾರು ಖಾಲಿ ಪುಟಗಳು ಉಳಿದಿರುತ್ತವೆ. ನಡುವಿನ ಪಿನ್ನು ಬಿಚ್ಚಿ, ಖಾಲಿ ಜೋಡಿಹಾಳೆಗಳನ್ನು ತೆಗೆದು, ಹತ್ತು ಹಾಳೆಗಳನ್ನು ಒಂದರೊಳಗೊಂದು ಇಟ್ಟು, ಹೊರಗೆ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಹೊದಿಸಬೇಕು. ಮಡಿಕೆಯ ಮೇಲೆ ನಡುವೆ ಒಂದು, ಮೇಲೊಂದು, ಕೆಳಗೊಂದು ಹೀಗೆ ಮೂರು ತೂತುಗಳನ್ನು ದೊಡ್ಡವರು ದಬ್ಬಳದಿಂದ ಚುಚ್ಚಿಕೊಡಬೇಕು. ಹೊಲಿಯುವುದು ಮಗುವಿನ ಕೆಲಸ: ಮೊಂಡು ಸೂಜಿಯ ದಪ್ಪ ದಾರ ಒಳಗಿನಿಂದ ನಡುವಿನ ತೂತಿನ ಮೂಲಕ ಹೊರಗೆ ಬಂದು, ಮೇಲಿನ ತೂತಿನಿಂದ ಒಳಗೆ ಹೋಗಿ, ಒಳಗೇ ಕೆಳಗಿನ ತೂತಿನವರೆಗೆ ಸಾಗಿ ಅಲ್ಲಿ ಹೊರಗೆ ಬಂದು, ಮತ್ತೆ ನಡುವಿನ ತೂತಿನಿಂದ ಒಳಗೆ ಬರುತ್ತದೆ. ಒಳಗಿನ ಉದ್ದನೆಯ ದಾರ ನಡುವೆ ಸಿಕ್ಕಿಕೊಳ್ಳುವಂತೆ ಎರಡು ತುದಿಗಳನ್ನು ಗಂಟು ಹಾಕಿದರೆ ಪುಸ್ತಕ ಬಿಚ್ಚಿಕೊಳ್ಳುವುದಿಲ್ಲ. ದಿನಕ್ಕೊಂದು ಪುಟ ಬರೆಯಲೇಬೇಕೆಂಬ ಕಟ್ಟಳೆ ಹಾಕಿದರೆ ಇದೂ ಹೋಂವರ್ಕ್ ಆಗಿಬಿಡುತ್ತದೆ. ಬಸ್ ಟಿಕೆಟ್ಟು, ಐಸ್‌ಕ್ರೀಮ್ ಕಡ್ಡಿ, ಊರಿನ ಕೋಳಿಯ ಗರಿ ಅಂಟಿಸಿ, ಪಕ್ಕದಲ್ಲಿ ಎಲ್ಲಿ ಸಿಕ್ಕಿತು ಎಂದು ಬರೆದರೂ ಸಾಕು. ರಜೆಯಲ್ಲಿ ನಗರದಲ್ಲೇ ಉಳಿಯುವ ಮಕ್ಕಳನ್ನು ಕಬ್ಬನ್ ಪಾರ್ಕಿನ ಜವಾಹರ ಬಾಲಭವನಕ್ಕೋ ಅಲ್ಲಿಯೇ ಇರುವ ಮಕ್ಕಳ ಗ್ರಂಥಾಲಯಕ್ಕೋ ಒಮ್ಮೆ ಕರೆದುಕೊಂಡು ಹೋದರೆ ಎರಡು ಪುಟ ತುಂಬುತ್ತದೆ.

ತನಗೇ ಬರೆದುಕೊಳ್ಳುವ ಅಂಚೆ ಕಾರ್ಡು

ಅಂಚೆ ಕಚೇರಿಯಲ್ಲಿ ಸಾಮಾನ್ಯ ಪೋಸ್ಟ್ ಕಾರ್ಡಿನ ಬೆಲೆ 50 ಪೈಸೆ. ನಲವತ್ತು ಮಕ್ಕಳ ತರಗತಿಗೆ ಇಪ್ಪತ್ತು ರೂಪಾಯಿಯಾಗುತ್ತದೆ. ಒಂದು ಬದಿಯಲ್ಲಿ ‘ರಜೆ ಮುಗಿಯುವಷ್ಟರಲ್ಲಿ ನನಗೆ ____ ಬರಬೇಕು’ ಎಂಬ ವಾಕ್ಯವನ್ನೂ ಒಂದು ಚಿತ್ರವನ್ನೂ ಹಾಕಿ, ಇನ್ನೊಂದು ಬದಿಯಲ್ಲಿ ಮಗು ತನ್ನ ಹೆಸರು ಮತ್ತು ಮನೆಯ ವಿಳಾಸವನ್ನು ಬರೆಯುತ್ತದೆ. ಮನೆಯ ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ, ಬಡಾವಣೆ ಎಂಬ ಬೆಂಗಳೂರಿನ ವಿಳಾಸದ ಕ್ರಮವನ್ನು ಮಕ್ಕಳು ನಿಜವಾಗಿ ಕಲಿಯುವುದು ಇಲ್ಲಿಯೇ. ಆರು ಅಂಕಿಯ ಪಿನ್ ಕೋಡ್ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ನಗರದ ಬಹುಪಾಲು ಮಕ್ಕಳ ಪಿನ್ ಕೋಡಿನ ಮೊದಲ ಮೂರು ಅಂಕಿ 560 ಎಂದೇ ಇದ್ದು, ಮಲ್ಲೇಶ್ವರಕ್ಕೆ 560003, ಬಸವನಗುಡಿಗೆ 560004, ರಾಜಾಜಿನಗರಕ್ಕೆ 560010 ಎಂಬಂತೆ ಕೊನೆಯ ಅಂಕಿಗಳು ಮಾತ್ರ ಬದಲಾಗುವುದನ್ನು ತಮ್ಮತಮ್ಮ ಕಾರ್ಡುಗಳನ್ನು ಹೋಲಿಸಿ ಅವರೇ ಕಂಡುಕೊಳ್ಳಲಿ.

ವಿಳಾಸ ಬರೆದ ಕಾರ್ಡುಗಳನ್ನು ಗೋಡೆಗೆ ಅಂಟಿಸುವುದಾಗಲಿ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದಾಗಲಿ ಬೇಡ. ಶಿಕ್ಷಕರು ಅವನ್ನು ತಮ್ಮ ಬಳಿಯೇ ಇಟ್ಟುಕೊಂಡು, ಮೇ ತಿಂಗಳ ಮೂರನೆಯ ವಾರದಲ್ಲಿ ಪೆಟ್ಟಿಗೆಗೆ ಹಾಕಿದರೆ ಶಾಲೆ ತೆರೆಯುವ ಮುನ್ನ ಮನೆ ತಲುಪುತ್ತವೆ. ಬಾಡಿಗೆ ಮನೆಯ ಅವಧಿ ಮುಗಿದು ಮೇ ತಿಂಗಳಲ್ಲಿ ಮನೆ ಬದಲಿಸುವವರು ಪ್ರತಿ ತರಗತಿಯಲ್ಲೂ ಒಂದಿಬ್ಬರು ಇರುತ್ತಾರೆ. ಅವರಿಂದ ಅಜ್ಜಿಯ ಅಥವಾ ಅತ್ತೆಯ ಮನೆಯ ವಿಳಾಸವನ್ನು ಮೊದಲೇ ಕೇಳಿ ಬರೆಸಿಕೊಳ್ಳಬೇಕು.